ಚೀಟಿಯ ಕೆಳಗಿನ ಚೀಟಿ

ಐವತ್ತಕ್ಕೆ ಇಪ್ಪತ್ತು ಕೂಡಿಸಿದರೆ ಎಷ್ಟು ಎಂದು ನಮ್ಮಕ್ಕ ತುಮಿನಾಳನ್ನು ಕೇಳಿ ನೋಡಿ, ಎಪ್ಪತ್ತು ಎನ್ನುತ್ತಾಳೆ. ಅವಳದೇನೂ ತಪ್ಪಿಲ್ಲ. ಆದರೆ ಅದೇ ಐವತ್ತನ್ನೂ ಇಪ್ಪತ್ತನ್ನೂ ಕೆಂಪು ಅಕ್ಷರದಲ್ಲಿ ಬರೆದು, ನಡುವೆ ಕೂಡಿಸುವ ಗುರುತು ಹಾಕಿ, ಅಂಗಡಿಯ ಬಾಗಿಲಿಗೆ ನೇತುಹಾಕಿದರೆ ಎಪ್ಪತ್ತಾಗುವುದಿಲ್ಲ, ಅರವತ್ತಾಗುತ್ತದೆ. ಹತ್ತೊಂಬತ್ತು ವರ್ಷ ಅಂಥದೇ ಅಂಗಡಿಯಲ್ಲಿ ದುಡಿದವಳು ನಾನು. ಹೇಳಿದರೆ ಕೇಳುವವರು ಯಾರು?

ಮಾದಿಯೂನ್ ಊರಿನಲ್ಲಿ ಎಲ್ಲರೂ ಆ ಅಂಗಡಿಯನ್ನು 'ನಾಲ್ಕಂತಸ್ತು' ಎಂದೇ ಕರೆಯುತ್ತಾರೆ. ಕೆಳಗೆ ಚಪ್ಪಲಿ, ಚೀಲ, ಅತ್ತರು; ಮೇಲೆ ಹೆಂಗಸರ ಬಟ್ಟೆ; ಅದರ ಮೇಲೆ ಗಂಡಸರದು; ತುದಿಯಲ್ಲಿ ಮಕ್ಕಳ ಆಟ. ಗೋದಾಮು ಹಿಂಭಾಗದಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ. ಕೊನೆಯ ಹನ್ನೊಂದು ವರ್ಷ ನಾನಿದ್ದದ್ದು ಆ ಗೋದಾಮಿನಲ್ಲಿ, ಬೆಲೆ ಚೀಟಿ ಅಂಟಿಸುವ ಕೆಲಸಕ್ಕೆ. ಹೋದ ವರ್ಷ ಉಪವಾಸದ ತಿಂಗಳ ಹಬ್ಬ ಮುಗಿದ ಮೇಲೆ ಒಂದು ಯಂತ್ರ ತಂದು, ನನ್ನ ಕೈಗೆ ಒಂದು ಡಬ್ಬಿ ಬಿಸ್ಕತ್ತು ಕೊಟ್ಟು ಮನೆಗೆ ಕಳಿಸಿದರು. ಅಂದಿನಿಂದ ಅಕ್ಕನ ಪೆಚೆಲ್ ಅಂಗಡಿಯಲ್ಲಿ, ಬೆಂದ ಸೊಪ್ಪಿನ ಮೇಲೆ ಸುರಿಯುವ ಚಟ್ನಿಗೆ ಕಡಲೆಕಾಯಿ ಬೀಜ ಹುರಿಯುತ್ತೇನೆ, ಸೊಪ್ಪು ಬೇಯಿಸುತ್ತೇನೆ, ಬಾಳೆಲೆ ಒರೆಸುತ್ತೇನೆ. ಅಕ್ಕನ ಗಂಡ ಸತ್ತು ಹದಿನಾಲ್ಕು ವರ್ಷವಾಯಿತು. ನನಗೆ ಮದುವೆಯೇ ಆಗಲಿಲ್ಲ. ಒಂದೇ ಮನೆ, ಒಂದೇ ಒಲೆ, ದಿನಕ್ಕೆ ಹತ್ತು ಜಗಳ.

ಈ ವರ್ಷ ಅಕ್ಕನ ಮಗ ದನಾಂಗ್‌ಗೆ ಹೆಣ್ಣು ಗೊತ್ತಾಯಿತು. ಅವನು ರೈಲು ಬೋಗಿ ಕಾರ್ಖಾನೆಯಲ್ಲಿ ಬೆಸುಗೆ ಕೆಲಸದವನು. ಹುಡುಗಿ ಪೊನೊರೊಗೊದವಳು, ನಿಂಗ್ರುಮ್ ಅಂತ, ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸ. ಅವಳ ತಾಯಿ ಹರ್ತಾತಿ, ನಮ್ಮ ಮರ್ಯಾದೆಯ ಮಾತಿನಲ್ಲಿ ಬು ಹರ್ತಾತಿ, ಅವರಿಗೆ ಅಲ್ಲಿನ ಮಾರ್ಕೆಟ್ಟಿನಲ್ಲಿ ಎರಡು ಬಟ್ಟೆ ಮಳಿಗೆಗಳಿವೆ. ಮನೆಗೆ ಟೈಲ್ಸ್ ಹಾಕಿಸಿದ ಗೋಡೆ, ಎರಡು ಕಾರು. ಇಷ್ಟೇ ಆಗಿದ್ದರೆ ಅಕ್ಕ ನಿಭಾಯಿಸುತ್ತಿದ್ದಳು. ಅವಳ ನಿದ್ದೆ ಕೆಡಿಸಿದ್ದು ಹುಡುಗಿಯ ಸೋದರತ್ತೆ ಬು ಪಾರ್ತಿ. ಆ ಹೆಂಗಸು ಮನೆ ನೋಡಲು ಬಂದಾಗ ನಮ್ಮ ಅಂಗಡಿಯಲ್ಲಿ ಎರಡು ತಟ್ಟೆ ಪೆಚೆಲ್ ಬಾರಿಸಿ, ಬಾಯಿ ಒರೆಸಿಕೊಂಡು, "ಹುಡುಗ ಒಳ್ಳೆಯವನೇ. ಆದ್ರೆ ನಮ್ ಹುಡುಗಿ ಇಲ್ಲಿಗ್ ಬಂದು ಕಡಲೆಕಾಯಿ ಬೀಜ ಅರೆಯೋ ಹಾಗಾಗ್ಬಾರ್ದಲ್ಲ, ಅದೊಂದು ನೋಡಿ," ಎಂದಳು. ಅಕ್ಕ ನಗುನಗುತ್ತಲೇ ಎಲೆ ತೆಗೆದಳು. ರಾತ್ರಿಯೂ ನಗುತ್ತಲೇ ಇದ್ದಳು, ಆ ನಗು ನನಗೆ ಹಿಡಿಸಲಿಲ್ಲ.

ಹಬ್ಬದ ಮರುವಾರ ನಿಶ್ಚಿತಾರ್ಥ. ನಮ್ಮಲ್ಲಿ ಗಂಡಿನ ಕಡೆಯವರು ಹೆಣ್ಣಿಗೆ ಕಾಣಿಕೆ ಪೆಟ್ಟಿಗೆಗಳನ್ನು ಒಯ್ಯಬೇಕು: ಬಟ್ಟೆ, ನಮಾಜಿನ ಹೊದಿಕೆ, ಸೋಪು ಪೌಡರು, ಚೀಲ, ಹಣ್ಣು, ಅಂಟಕ್ಕಿಯ ಸಿಹಿ. ಎಲ್ಲವನ್ನೂ ಪಾರದರ್ಶಕ ಪೆಟ್ಟಿಗೆಗಳಲ್ಲಿ ಹೂ ಕಟ್ಟಿ ಜೋಡಿಸಿ, ಸಾಲಾಗಿ ಹೊತ್ತು ನಡೆಯಬೇಕು. ಬೀಗರ ಮನೆಯ ಹೆಂಗಸರು ಒಂದೊಂದನ್ನೇ ಬಿಚ್ಚಿ ನೋಡುತ್ತಾರೆ. ಬಾಯಲ್ಲಿ ಏನೂ ಅನ್ನುವುದಿಲ್ಲ, ಕಣ್ಣಲ್ಲೇ ಎಲ್ಲವನ್ನೂ ತೂಗುತ್ತಾರೆ.

"ಒಂದೇ ಒಂದು ವಸ್ತು ಕಣೇ ವಿನಾ," ಎಂದಳು ಅಕ್ಕ. ನನ್ನ ಹೆಸರು ವಿನಾರ್ಸಿ. "ಒಂದೇ ಒಂದು ಅವಳ ಕಣ್ಣಿಗೆ ಹೊಡೆಯೋ ಹಾಗಿರ್ಬೇಕು, ಆ ಪಾರ್ತಿಗೆ. ಹದಿನೈದು ಲಕ್ಷದ್ ಚೀಲ. ನಾಲ್ಕಂತಸ್ತಲ್ಲಿ ನೋಡ್ಕೊಂಡ್ ಬಂದಿದೀನಿ. ನಮಗೆ ನಾಲ್ಕೂವರೆ ಲಕ್ಷಕ್ಕೆ ಸಿಗತ್ತೆ."

ನಮ್ಮ ಅಂಗಡಿಯಲ್ಲಿ ಒಂದು ತಟ್ಟೆ ಪೆಚೆಲ್‌ಗೆ ಹತ್ತು ಸಾವಿರ ರುಪಿಯಾ. ಹದಿನೈದು ಲಕ್ಷ ಎಂದರೆ ನೂರೈವತ್ತು ತಟ್ಟೆ.

"ನಾಲ್ಕೂವರೆ ಅಂತ ಯಾರ್ ಹೇಳಿದ್ರು?"

"ಐವತ್ತು ಕೂಡಿಸು ಇಪ್ಪತ್ತು ಅಂತ ಬರೆದಿಲ್ವಾ? ಎಪ್ಪತ್ತು ಪರ್ಸೆಂಟ್ ಕಡಿತ. ನಾನೇನ್ ಶಾಲೆಗ್ ಹೋಗಿಲ್ವಾ?"

"ಅಕ್ಕ, ಕೂಡಿಸೋ ಹಾಗಿಲ್ಲ ಅದನ್ನ. ಮೊದ್ಲು ಅರ್ಧ ಕಳೀತಾರೆ. ಆಮೇಲೆ ಉಳಿದ ಅರ್ಧದಲ್ಲಿ ಇಪ್ಪತ್ ಕಳೀತಾರೆ. ನೂರು ತುಂಡು ಕರಿದ ಟೆಂಪೆ ಇದೆ ಅಂತಿಟ್ಕೊ. ಐವತ್ ತಿಂದ್ವಿ. ಉಳಿದಿದ್ದು ಐವತ್ತು, ಅದ್ರಲ್ಲಿ ಐದಕ್ಕೊಂದ್ ಹಾಗೆ ತಿಂದ್ವಿ, ಹತ್ತು. ಒಟ್ಟು ಎಷ್ಟ್ ತಿಂದ್ವಿ?"

"ಉಪವಾಸದ ಹೊತ್ತಲ್ಲಿ ಟೆಂಪೆ ಮಾತೆತ್ತಬೇಡ," ಎಂದು ಎದ್ದು ಹೋದಳು.

ಮರುದಿನ ಮಧ್ಯಾಹ್ನ ನಾವಿಬ್ಬರೂ ನಾಲ್ಕಂತಸ್ತಿನ ಮುಂದಿದ್ದೆವು. ಹಬ್ಬಕ್ಕೆ ಇನ್ನು ಹತ್ತು ದಿನ. ಊರಿಗೆ ಊರೇ ಬೋನಸ್ ಹಿಡಿದುಕೊಂಡು ಬಂದು ಅಲ್ಲಿ ನಿಂತಿತ್ತು. ಗಂಟಲು ಒಣಗಿ ಹೋಗಿದೆ, ಒಂದು ಹನಿ ನೀರು ಕುಡಿಯುವಂತಿಲ್ಲ, ಮೈಮೇಲೆ ಬೀಳುವ ಜನ, ಮೇಲಿನಿಂದ ಕಿವಿ ಹರಿಯುವ ಹಾಡು. ಬಾಗಿಲ ಮೇಲೆ ಆಳೆತ್ತರಕ್ಕೆ 'ಎಪ್ಪತ್ತು' ಎಂದು ಬರೆದಿತ್ತು. ಅದರ ಪಕ್ಕದಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ 'ವರೆಗೆ' ಎಂದಿತ್ತು.

"ಆ ಚಿಕ್ಕ ಅಕ್ಷರ ಓದು," ಎಂದೆ.

"ಕನ್ನಡಕ ತಂದಿಲ್ಲ."

"ಎಪ್ಪತ್ತರ ವರೆಗೆ ಅಂತಿದೆ. ಇಡೀ ಅಂಗಡೀಲಿ ಎಪ್ಪತ್ ಕಡಿತದ್ದು ಕಾಲುಚೀಲ ಮಾತ್ರ, ಅದೂ ಒಂಟಿ ಬಣ್ಣದ್ದು. ಆ ಇನ್ನೊಂದು ಬೋರ್ಡ್ ನೋಡು, 'ಇಂದೇ ಕೊನೆ' ಅಂತ. ಅದನ್ನ ಹನ್ನೊಂದ್ ವರ್ಷ ನಾನೇ ನೇತುಹಾಕಿದ್ದು. ಹಬ್ಬ ಆದ್ಮೇಲೆ ಒಗೆದು ಮಡಚಿ ಇಡ್ತಿದ್ವಿ, ಮುಂದಿನ್ ವರ್ಷಕ್ಕೆ."

"ನಿನ್ನನ್ನ ಕೆಲಸದಿಂದ ತೆಗೆದ್ರು ಅಂತ ಹೊಟ್ಟೆಉರಿ ನಿಂಗೆ," ಎಂದಳು ಅಕ್ಕ.

ಮೈಯೆಲ್ಲ ಉರಿದುಹೋಯಿತು. ಉಪವಾಸದಲ್ಲಿ ಬೈಯಬಾರದು ಎಂದು ತುಟಿ ಕಚ್ಚಿಕೊಂಡೆ. ಆ ತಿಂಗಳು ಪೂರ್ತಿ ನನಗೆ ಸಿಕ್ಕ ಪುಣ್ಯವೆಲ್ಲ ಆ ಒಂದು ಗಳಿಗೆಯದೇ ಇರಬೇಕು.

ಚೀಲ ಚೆನ್ನಾಗಿಯೇ ಇತ್ತು, ಸುಳ್ಳೇಕೆ. ಕೆನೆ ಬಣ್ಣ, ಹೊಳೆಯುವ ಚಿಲಕ. ಬೆಲೆ ಚೀಟಿಯಲ್ಲಿ 'ಹದಿನಾಲ್ಕು ಲಕ್ಷ ತೊಂಬತ್ತೊಂಬತ್ತು ಸಾವಿರದ ಒಂಬೈನೂರು' ಎಂದು ಅಚ್ಚಾಗಿ, ಅದರ ಮೇಲೆ ಕೆಂಪು ಗೀಟು ಎಳೆದಿತ್ತು. ಕೈಗೆತ್ತಿಕೊಂಡ ಕೂಡಲೇ ನನಗೆ ಗುರುತು ಸಿಕ್ಕಿತು. ಆಚೆ ವರ್ಷದ ಹಬ್ಬಕ್ಕೆ ಬಂದ ಮಾಲು ಅದು, ಅಂದಿನಿಂದ ಮಾರಾಟವಾಗದೆ ಕೂತಿದೆ. ಆ ಚೀಟಿ ಸ್ವಲ್ಪ ಎಡಕ್ಕೆ ವಾಲಿತ್ತು. ನಾನು ಅಂಟಿಸಿದ ಚೀಟಿಗಳೆಲ್ಲ ಎಡಕ್ಕೇ ವಾಲುತ್ತವೆ. ಅದಕ್ಕೆ ಬೈಸಿಕೊಂಡದ್ದೂ ಉಂಟು. ಉಪವಾಸ ಶುರುವಾಗುವ ಮೊದಲ ವಾರ ಗೋದಾಮಿನ ಬಾಗಿಲು ಹಾಕಿಕೊಂಡು ನಾವು ಐದು ಜನ ಹಳೆಯ ಚೀಟಿಯ ಮೇಲೆ ಹೊಸ ಚೀಟಿ ಅಂಟಿಸುತ್ತಿದ್ದೆವು. ಮೊದಲು ಬೆಲೆ ಏರಿಸು, ಆಮೇಲೆ ಗೀಟು ಹೊಡೆದು ಇಳಿಸು. ದಿನಕ್ಕೆ ಎರಡು ಸಾವಿರ ಚೀಟಿ. ಯಾವುದರ ಕೆಳಗೆ ಎಷ್ಟಿತ್ತು ಎಂದು ನೆನಪಿಡಲು ನಾನೇನು ದೇವದೂತೆಯೇ? ಆದರೆ ಹದಿನೈದು ಲಕ್ಷದ ಹತ್ತಿರಕ್ಕೂ ಇರಲಿಲ್ಲ ಎಂಬುದು ಖಂಡಿತ.

"ಅಕ್ಕ, ಇದ್ರ ಕೆಳಗೆ ಇನ್ನೊಂದ್ ಚೀಟಿ ಇದೆ. ಇರು, ತೋರಿಸ್ತೀನಿ," ಎಂದು ಬಲಗಡೆಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿದೆ. ಹಾಳಾದದ್ದು, ಒಳ್ಳೆಯ ಅಂಟು. ಒಂದು ಅಕ್ಕಿಕಾಳಿನಷ್ಟು ಎದ್ದಿತು, ಅಷ್ಟರಲ್ಲಿ ಯಾರೋ ಕೈ ಹಿಡಿದರು.

ನನ್ನ ಜೊತೆ ಕೆಲಸ ಮಾಡಿದ್ದ ರಿಸ್ಕಾ. "ವಿನಾಕ್ಕ, ದಯವಿಟ್ಟು. ಚೀಟಿ ಹರಿದ್ರೆ ನನ್ ಸಂಬಳದಲ್ಲಿ ಹಿಡೀತಾರೆ. ಸೆಕ್ಯೂರಿಟಿಯವರು ನೋಡ್ತಿದಾರೆ."

"ಹಾಗಿದ್ರೆ ನೀನೇ ಹೇಳು. ಈ ಚೀಲನ ಹದಿನೈದು ಲಕ್ಷ ಕೊಟ್ಟು ಕೊಂಡವರು ಒಬ್ಬರು, ಒಂದೇ ಒಂದ್ ಹೆಸರು, ಹೇಳು ನಮ್ಮಕ್ಕಂಗೆ."

ರಿಸ್ಕಾ ನೆಲ ನೋಡಿದಳು. ಸುತ್ತ ನಾಲ್ಕು ಜನ ನಮ್ಮನ್ನೇ ನೋಡುತ್ತಿದ್ದರು.

"ಪಾಪ ಆ ಮಗೂನ ಯಾಕೆ ಗೋಳು ಹೊಯ್ಕೋತೀಯಾ?" ಅಕ್ಕ ಚೀಲವನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ನಿನ್ನ ಜೊತೆ ಬಂದಿದ್ದೇ ತಪ್ಪು. ಮಾನ ಕಳೀತೀಯಾ."

"ಅಕ್ಕ, ಮಾರ್ಕೆಟ್ಟಲ್ಲಿ ಬದನೆಕಾಯಿಯವನು ಇಪ್ಪತ್ ಅಂದ್ರೆ ನೀನು ಎಂಟಕ್ಕೆ ಕೇಳ್ತೀಯ. ಯಾಕೆ? ಇಪ್ಪತ್ತು ಬಾಯಿಮಾತು ಅಂತ ಗೊತ್ತು ನಿಂಗೆ. ಇದೂ ಅಷ್ಟೇ. ಇವರು ಬಾಯಲ್ ಹೇಳೋದ್ ಬಿಟ್ಟು ಅಚ್ಚು ಹಾಕಿದಾರೆ."

"ಅಚ್ಚಾಗಿರೋದನ್ನ ಸುಳ್ಳು ಅನ್ನೋಕಾಗತ್ತಾ?" ಎಂದಳು. ಅವಳ ಬದುಕಿನಲ್ಲಿ ಬಾಯಿಮಾತಿನವರು ಎಷ್ಟೋ ಜನ ಮೋಸ ಮಾಡಿದ್ದರು, ಅಚ್ಚಿನವರು ಇನ್ನೂ ಮಾಡಿರಲಿಲ್ಲ.

ಸರದಿಯಲ್ಲಿ ಮುಕ್ಕಾಲು ಗಂಟೆ ನಿಂತೆವು. ಕೌಂಟರಿನ ಹುಡುಗಿ ಯಂತ್ರ ತೋರಿಸಿ, "ಐದು ಲಕ್ಷ ತೊಂಬತ್ತೊಂಬತ್ ಸಾವಿರದ ಒಂಬೈನೂರರವತ್ತು," ಎಂದಳು.

ಅಕ್ಕ ಕೈಯಲ್ಲಿ ಹಿಡಿದಿದ್ದದ್ದು ನಾಲ್ಕೂವರೆ ಲಕ್ಷ, ಕರವಸ್ತ್ರದಲ್ಲಿ ಸುತ್ತಿಕೊಂಡು. "ಇಲ್ಲಮ್ಮ, ಇನ್ನೊಂದ್ಸಲ ನೋಡು. ಐವತ್ತು ಕೂಡಿಸು ಇಪ್ಪತ್ತು."

"ಅದೇ ಬು, ಐವತ್ ಕಳೆದು ಆಮೇಲೆ ಇಪ್ಪತ್ತು."

"ಕೂಡಿಸೋ ಗುರುತು ಹಾಕಿದೀರಲ್ಲ!"

"ಅದು ಹಾಗೇ ಬು," ಎಂದಳು ಹುಡುಗಿ. ಬೆಳಗಿನಿಂದ ಆ ಮಾತನ್ನು ಎಷ್ಟು ಸಲ ಹೇಳಿದ್ದಳೋ, ಮುಖದಲ್ಲಿ ಏನೂ ಇರಲಿಲ್ಲ. ಹಿಂದಿನವರು ಗೊಣಗಲು ಶುರುಮಾಡಿದರು. ಒಬ್ಬ ಗಂಡಸು ಜೋರಾಗಿಯೇ, "ದುಡ್ಡಿಲ್ದಿದ್ರೆ ಪಕ್ಕಕ್ ನಿಲ್ಲಿ," ಎಂದ.

ಅಕ್ಕ ನನ್ನ ಕಡೆ ತಿರುಗಿದಳು. ಟೆಂಪೆ ಲೆಕ್ಕ ಅವಳಿಗೆ ಆಗ ನೆನಪಾಗಿರಬೇಕು. ಆದರೆ ಅವಳ ಕಣ್ಣಲ್ಲಿದ್ದದ್ದು ಆ ಲೆಕ್ಕವಲ್ಲ, ಎರಡು ತಟ್ಟೆ ತಿಂದು ಬಾಯಿ ಒರೆಸಿಕೊಂಡ ಬು ಪಾರ್ತಿ. 'ನೋಡಿದ್ಯಾ, ನಾನು ಹೇಳಿರಲಿಲ್ವಾ' ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ಆ ಮಾತಿಗಾಗಿ ಎರಡು ದಿನದಿಂದ ಕಾದಿದ್ದೆ. ಬದಲಿಗೆ ಹಬ್ಬಕ್ಕೆ ಚಪ್ಪಲಿ ಕೊಳ್ಳಲು ಇಟ್ಟುಕೊಂಡಿದ್ದ ಒಂದೂವರೆ ಲಕ್ಷವನ್ನು ತೆಗೆದು ಕೌಂಟರಿನ ಮೇಲೆ ಕುಕ್ಕಿದೆ. ಆ ಗಂಡಸಿಗೆ, "ಉಪವಾಸ ಅನ್ನೋದು ಹೊಟ್ಟೆಗ್ ಮಾತ್ರ ಅಲ್ಲ ಸ್ವಾಮಿ, ಬಾಯಿಗೂ ಇರತ್ತೆ," ಎಂದೆ. ಅಷ್ಟಾದರೂ ಸಮಾಧಾನ ಬೇಡವೇ?

ಅಲ್ಲಿಂದ ನೇರ ಕಾಣಿಕೆ ಪೆಟ್ಟಿಗೆ ಅಲಂಕರಿಸುವವಳ ಮನೆಗೆ. ಅವಳು ಕತ್ತರಿ ತೆಗೆದು, "ಬೆಲೆ ಚೀಟಿ ತೆಗೆದ್ಬಿಡ್ಲಾ ಬು?" ಎಂದು ಕೇಳಿದಳು.

"ತೆಗೀ," ಎಂದೆ ನಾನು.

"ತೆಗೀಬೇಡ," ಎಂದಳು ಅಕ್ಕ. "ಮುಂದಕ್ ಕಾಣೋ ಹಾಗೆ ಇಡು. ಆ ಹೂವಿನ ಪಕ್ಕ. ಇನ್ನೂ ಮುಂದೆ."

ದನಾಂಗ್ ಸಂಜೆ ಬಂದು ನೋಡಿ ತಲೆ ಚಚ್ಚಿಕೊಂಡ. "ಅಮ್ಮಾ, ಗೀಟು ಹೊಡೆದಿರೋ ಬೆಲೆ ಕಾಣ್ತಿದೆ. ಕಡಿತದಲ್ ತಂದಿದ್ದು ಅಂತ ಕೂಸಿಗೂ ಗೊತ್ತಾಗತ್ತೆ."

"ಗೊತ್ತಾಗ್ಲಿ. ಹದಿನೈದು ಲಕ್ಷದ್ ವಸ್ತು ಅನ್ನೋದು ಗೊತ್ತಾಗತ್ತಲ್ಲ. ಕಡಿತದಲ್ ತರೋದು ಜಾಣತನ. ಬಟ್ಟೆ ಅಂಗಡಿಯವರ ಮನೇಲಿ ಜಾಣರಿಗೆ ಬೆಲೆ ಇರತ್ತೆ."

ಅವನು ನನ್ನ ಮುಖ ನೋಡಿದ. "ಚಿಕ್ಕಮ್ಮ, ನೀನಾದ್ರೂ ಹೇಳು."

"ನನ್ನ ಬಾಯಲ್ಲಿ ಇನ್ನು ಉಗುಳೂ ಉಳಿದಿಲ್ಲ," ಎಂದು ಸೊಪ್ಪು ಬಿಡಿಸಲು ಕೂತೆ.

ಹಬ್ಬ ಕಳೆಯಿತು. ಹಳೆಯ ಚಪ್ಪಲಿಗೇ ಹೊಲಿಗೆ ಹಾಕಿಸಿಕೊಂಡೆ. ಮರುವಾರ ಭಾನುವಾರ ಬೆಳಿಗ್ಗೆ ಬಾಡಿಗೆ ವ್ಯಾನಿನಲ್ಲಿ ಒಂಬತ್ತು ಜನ, ಹನ್ನೊಂದು ಪೆಟ್ಟಿಗೆ, ಪೊನೊರೊಗೊ ಕಡೆಗೆ ಹೊರಟೆವು. ಚೀಲದ ಪೆಟ್ಟಿಗೆ ಅಕ್ಕನ ತೊಡೆಯ ಮೇಲೆ. ದಾರಿಯುದ್ದಕ್ಕೂ ಅದರ ಮೇಲಿನ ದೂಳು ಒರೆಸುತ್ತಿದ್ದಳು, ದೂಳೇ ಇರಲಿಲ್ಲ.

ಬೀಗರ ಮನೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ನಮ್ಮ ಕಡೆಯ ಹಿರಿಯರು ಹುಡುಗಿಯನ್ನು ಕೇಳಿದರು, ಅವರ ಕಡೆಯ ಹಿರಿಯರು ಕೊಟ್ಟೆವು ಎಂದರು. ನಿಂಗ್ರುಮ್ ತಲೆ ತಗ್ಗಿಸಿಕೊಂಡೇ ದನಾಂಗ್‌ನ ಕಡೆ ಒಮ್ಮೆ ನೋಡಿ ನಕ್ಕಳು. ಇಷ್ಟೇ ಸಾಕಿತ್ತು ನನಗೆ. ಹುಡುಗ ಹುಡುಗಿ ಒಪ್ಪಿದ್ದಾರೆ, ಊಟ ಮಾಡಿ ಮನೆಗೆ ಹೋಗೋಣ ಎನ್ನಿಸಿತು. ಆದರೆ ಹೆಂಗಸರು ಒಳಗೆ ಚಾಪೆ ಹಾಸಿ ಪೆಟ್ಟಿಗೆಗಳ ಸುತ್ತ ಕೂತುಬಿಟ್ಟರು.

ಸೋಪು ಪೌಡರು ಸಲೀಸಾಗಿ ದಾಟಿತು. ನಮಾಜಿನ ಹೊದಿಕೆಯನ್ನು ಹೊಗಳಿದರು. ಗಂಡಹೆಂಡತಿ ಹೀಗೇ ಅಂಟಿಕೊಂಡಿರಲಿ ಎಂದು ಒಯ್ದ ಅಂಟಕ್ಕಿ ಸಿಹಿಯನ್ನು ಅಲ್ಲೇ ಕತ್ತರಿಸಿ ಬಾಯಿಗೆ ಹಾಕಿಕೊಂಡರು. ಆಮೇಲೆ ಬು ಪಾರ್ತಿ ಚೀಲದ ಪೆಟ್ಟಿಗೆಗೆ ಕೈ ಹಾಕಿದಳು.

"ಹದಿನಾಲ್ಕ್ ಲಕ್ಷ ತೊಂಬತ್ತೊಂಬತ್ ಸಾವಿರದ ಒಂಬೈನೂರು!" ಎಂದು ಇಡೀ ಕೋಣೆಗೆ ಕೇಳುವ ಹಾಗೆ ಓದಿದಳು.

ಅಕ್ಕನ ಮುಖ ಅರಳಿದ್ದನ್ನು ನಾನು ನೋಡಿದೆ. ತಲೆವಸ್ತ್ರ ಸರಿಮಾಡಿಕೊಂಡು, "ಅಯ್ಯೋ, ಅದೇನ್ ಮಹಾ, ಕಡಿತದಲ್ ಸಿಕ್ತು," ಎಂದಳು. ಆ ಒಂದು ಸಾಲನ್ನು ಹದಿನೈದು ದಿನದಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳೆಂದು ನನಗೆ ಗೊತ್ತು.

"ಇದೇನಿದು, ಚೀಟಿ ಮೂಲೆ ಎದ್ದಿದೆಯಲ್ಲ?" ಬು ಪಾರ್ತಿ ಚೀಟಿಯನ್ನು ಕಣ್ಣಿನ ಹತ್ತಿರಕ್ಕೆ ತಂದಳು. "ಕೆಳಗ್ ಇನ್ನೊಂದಿದೆ ಅನ್ಸತ್ತೆ. ಬಟ್ಟೆ ವ್ಯಾಪಾರದ ನಮ್ ಹರ್ತಾತಿ ಕಣ್ಣಿಗೆ ಮಣ್ಣೆರಚಕ್ಕಾಗಲ್ಲಮ್ಮ, ನನ್ನದೂ ಅದೇ ಕಣ್ಣು." ಹಾಗೆಂದು ನಗುತ್ತಾ ಉಗುರು ಹಾಕಿದಳು.

ಅದು ನಾನೇ ಎಬ್ಬಿಸಿದ ಮೂಲೆ. ಅಕ್ಕಿಕಾಳಿನಷ್ಟಿದ್ದದ್ದು ಈಗ ಕಡಲೆಕಾಳಿನಷ್ಟಾಯಿತು. ಕೋಣೆಯಲ್ಲಿ ಎಲ್ಲರ ಕತ್ತೂ ಅತ್ತ ವಾಲಿತು. ಅಕ್ಕ ನನ್ನ ಕಡೆ ನೋಡಿದಳು. ಕೌಂಟರಿನ ಮುಂದೆ ನೋಡಿದ ಹಾಗೆಯೇ. ನಾನು ಹೇಳಿದ್ದು ನಿಜವಿರಬಹುದು ಎಂಬುದು ಅವಳಿಗೆ ಮೊದಲ ಸಲ ಹೊಳೆದದ್ದು ಆಗಲೇ, ಇಷ್ಟೂ ಜನರ ನಡುವೆ. ಬಾಯಿ ಸ್ವಲ್ಪ ತೆರೆದೇ ಇತ್ತು.

"ಆ ಬೆಲೆ ನಾನೇ ಅಂಟಿಸಿದ್ದು ಬು ಪಾರ್ತಿ," ಎಂದೆ.

ಉಗುರು ನಿಂತಿತು. "ನೀವಾ?"

"ಹತ್ತೊಂಬತ್ ವರ್ಷ ಆ ಅಂಗಡೀಲಿದ್ದೆ. ಚೀಟಿ ಅಂಟಿಸೋದೇ ನನ್ ಕೆಲಸ. ನೋಡಿ, ಎಡಕ್ ವಾಲಿದೆ. ನಾನು ಅಂಟಿಸಿದ್ದೆಲ್ಲ ಹಾಗೇ." ಇಲ್ಲಿಯವರೆಗೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅಲ್ಲಿಗೇ ನಿಲ್ಲಿಸಬಹುದಿತ್ತು.

"ಹಾಗಾದ್ರೆ ಕೆಳಗಿರೋದು?"

"ಅದು ಕಂಪನಿಯವರ ಮಾಲಿನ ನಂಬರು. ಗಿರಾಕಿಗಳಿಗೆ ಗೊಂದಲ ಆಗ್ಬಾರ್ದು ಅಂತ ಮುಚ್ತೀವಿ."

"ಈ ಬೆಲೆಗೆ ಯಾರಾದ್ರೂ ಕೊಂಡಿದಾರಾ ಹೇಳಿ ಮತ್ತೆ!"

ರಿಸ್ಕಾಳ ಬಗ್ಗಿದ ತಲೆ ಕಣ್ಣ ಮುಂದೆ ಬಂತು. "ಯಾಕಿಲ್ಲ? ಡಾಕ್ಟರ ಹೆಂಡತಿ ಒಬ್ರು ಎರಡು ತಗೊಂಡ್ರು. ಒಂದು ಕೆನೆ, ಒಂದು ಕಪ್ಪು," ಎಂದೆ. ಕಪ್ಪು ಬಣ್ಣದ್ದು ಬಂದೇ ಇರಲಿಲ್ಲ. ಸುಳ್ಳಿನ ಅಭ್ಯಾಸ ಇಲ್ಲದವರು ಹೇಳಿದರೆ ಹೀಗೇ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ.

"ಕೊಡಿ ಅತ್ತಿಗೆ, ಹರಿದುಹಾಕ್ಬಿಟ್ಟೀರಿ," ಎಂದು ಬು ಹರ್ತಾತಿ ಮಧ್ಯೆ ಕೈ ಚಾಚಿ ಚೀಲ ತೆಗೆದುಕೊಂಡರು. ಅವರ ಪಕ್ಕದಲ್ಲೇ ಕೂತಿದ್ದೆ. ಎದ್ದ ಮೂಲೆಯನ್ನು ಅವರು ಬೆರಳ ತುದಿಯಿಂದ ಎಷ್ಟು ಬೇಕೋ ಅಷ್ಟೇ ಮೇಲೆತ್ತಿದರು. ನನಗೂ ಕಂಡಿತು. ಐದು ಲಕ್ಷ ನಲವತ್ತೊಂಬತ್ತು ಸಾವಿರದ ಒಂಬೈನೂರು. ನಾವು ಕೊಟ್ಟದ್ದು ಆರು ಲಕ್ಷ. ಎಪ್ಪತ್ತೂ ಅಲ್ಲ, ಅರವತ್ತೂ ಅಲ್ಲ. ಕಡಿತದ ದಿನ ಹೋಗಿ, ಮುಕ್ಕಾಲು ಗಂಟೆ ಸರದಿಯಲ್ಲಿ ನಿಂತು, ಐವತ್ತು ಸಾವಿರ ಮೇಲೆ ಕೊಟ್ಟು ಬಂದಿದ್ದೆವು. ಐದು ತಟ್ಟೆ ಪೆಚೆಲ್. ಅದೂ ನನ್ನ ಕೈಯಾರೆ ಅಂಟಿಸಿದ ಚೀಟಿಗೆ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು.

ಬು ಹರ್ತಾತಿ ಒಂದು ಕ್ಷಣ ಆ ಅಂಕಿಯನ್ನೇ ನೋಡಿದರು. ಆಮೇಲೆ ಹೆಬ್ಬೆರಳಿನಿಂದ ಮೂಲೆಯನ್ನು ಒತ್ತಿದರು. ಮತ್ತೆ ಒತ್ತಿ, ಉಗುರಿನ ಬೆನ್ನಿನಿಂದ ಸವರಿ ಸಮ ಮಾಡಿದರು.

"ಅಂಟು ಒಣಗಿದೆ, ಅಷ್ಟೇ," ಎಂದರು. "ಬು ತುಮಿನಾ, ಇಷ್ಟೊಂದ್ ಖರ್ಚು ಮಾಡ್ಬಾರ್ದಿತ್ತು ನೀವು."

"ನಿಂಗ್ರುಮ್‌ಗೆ ತಾನೇ," ಎಂದಳು ಅಕ್ಕ.

ಬು ಪಾರ್ತಿ ಮುಂದಿನ ಪೆಟ್ಟಿಗೆಯ ದ್ರಾಕ್ಷಿ ಹುಳಿಯಿದೆಯೇ ಸಿಹಿಯಿದೆಯೇ ಎಂದು ತಿಂದು ನೋಡಲು ಹೊರಟಳು.

ಊಟದ ಹೊತ್ತಿಗೆ ಬು ಹರ್ತಾತಿ ನನ್ನ ತಟ್ಟೆಗೆ ಸಾರು ಹಾಕಲು ಬಗ್ಗಿದರು. "ಮೂವತ್ ವರ್ಷ ಬಟ್ಟೆ ಮಾರಿದೀನಿ," ಎಂದರು ಮೆಲ್ಲಗೆ. "ನಿಮ್ ಕಿವಿ ಇನ್ನೂ ಕೆಂಪಗಿದೆ. ನೀರು ಕುಡೀರಿ." ಇನ್ನೊಂದು ತುಂಡು ಕೋಳಿ ಹಾಕಿ ಮುಂದಿನ ತಟ್ಟೆಗೆ ಹೋದರು. ಅಂಥವರ ಮನೆಯ ಹುಡುಗಿ ನಮ್ಮ ಮನೆಗೆ ಬರುತ್ತಾಳೆ ಎಂದು ಸಂತೋಷವಾಯಿತು. ಸಂತೋಷದ ಜೊತೆಗೇ ನಾಚಿಕೆ, ಅದರ ಜೊತೆಗೇ ನಾಲ್ಕಂತಸ್ತಿನ ಮೇಲೆ ಕೋಪ.

ಹಿಂದಿರುಗುವಾಗ ವ್ಯಾನಿನಲ್ಲಿ ಎಲ್ಲರೂ ತೂಕಡಿಸುತ್ತಿದ್ದರು. ಅಕ್ಕ ಮಾತ್ರ ಕಣ್ಣು ಬಿಟ್ಟುಕೊಂಡೇ ಕೂತಿದ್ದಳು. ಅರ್ಧ ದಾರಿಯಲ್ಲಿ ನನ್ನ ತೋಳು ತಿವಿದಳು.

"ಅಲ್ವೇ ವಿನಾ, ಅದ್ರ ಬೆಲೆ ನಿಜವಾಗ್ಲೂ ಹದಿನೈದು ಲಕ್ಷ ಅಂತ ಗೊತ್ತಿದ್ದೂ ಅಂಗಡೀಲಿ ಅಷ್ಟ್ ಜನರ ಮುಂದೆ ಯಾಕೇ ಹಾಗ್ ಕುಣಿದೆ? ನನ್ನ ಪ್ರಾಣಾನೇ ಹೋಗಿತ್ತು ಅಲ್ಲಿ, ಆ ಪಾರ್ತಿ ಉಗುರು ಹಾಕಿದಾಗ. ನೀನು ಹೇಳಿದ್ದೇ ನಿಜವಾಗಿದ್ರೆ ಏನ್ ಗತಿ ಅಂತ."

ನಾನು ಬಾಯಿ ತೆರೆದೆ. ಮುಂದಿನ ಸೀಟಿನಿಂದ ದನಾಂಗ್ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ಬಾಯಿ ಮುಚ್ಚಿದೆ.

"ಕೆಲಸ ಹೋದ ಸಿಟ್ಟು ಅಕ್ಕ," ಎಂದೆ.

"ನಂಗೊತ್ತಿತ್ತು." ನನ್ನ ಹತ್ತಿರಕ್ಕೆ ಸರಿದಳು. "ಆ ಡಾಕ್ಟರ ಹೆಂಡ್ತಿ. ಎರಡಕ್ಕೂ ಪೂರ್ತಿ ಬೆಲೆ ಕೊಟ್ಟಳಾ?"

"ಪೂರ್ತಿ."

"ಅಯ್ಯೋ ಪಾಪ, ಸ್ವಲ್ಪ ದಿನ ಕಾಯೋದಲ್ವಾ," ಎಂದು ಯಾವುದೋ ಊರಿನ ಯಾರೂ ಅಲ್ಲದ ಆ ಹೆಂಗಸಿಗಾಗಿ ಮನಸಾರೆ ಮರುಗಿದಳು.

ಕಬ್ಬಿನ ಗದ್ದೆಗಳು ಮುಗಿದು ಊರಿನ ಮನೆಗಳು ಕಾಣಿಸತೊಡಗಿದವು. ಅಕ್ಕ ಬಗ್ಗಿ ನನ್ನ ಕಾಲು ನೋಡಿದಳು. ಹೊಲಿಗೆ ಹಾಕಿಸಿದ್ದ ಎಡಗಾಲಿನ ಚಪ್ಪಲಿ ಮತ್ತೆ ಬಿಟ್ಟುಕೊಂಡಿತ್ತು.

"ನಿನ್ನ ಚಪ್ಪಲಿ ದುಡ್ಡು ನನಗ್ ಕೊಟ್ಟೆಯಲ್ಲ ನೀನು," ಎಂದಳು. "ಶನಿವಾರ ಹೋಗೋಣ. ನಾನ್ ಕೊಡಿಸ್ತೀನಿ, ಒಳ್ಳೇದು, ಬೆಲೆಬಾಳೋದು. ಹಬ್ಬ ಆದ್ರೂ ಬೋರ್ಡ್ ಇನ್ನೂ ತೆಗೆದಿಲ್ವಂತೆ. ಐವತ್ತು ಕೂಡಿಸು ಇಪ್ಪತ್ತು. ಎಪ್ಪತ್ತು ತಾನೇ?"

ಟೆಂಪೆ, ಕೌಂಟರು, ಕರವಸ್ತ್ರದ ಗಂಟು, ಎಲ್ಲ ಒಟ್ಟಿಗೆ ನನ್ನ ಕಣ್ಣ ಮುಂದೆ ಬಂದವು. ಅವಳ ತಲೆ ಆಗಲೇ ನನ್ನ ಭುಜಕ್ಕೆ ಒರಗಿತ್ತು. ಎಷ್ಟೋ ವಾರಗಳ ನಂತರ ಅವಳಿಗೆ ನಿದ್ದೆ ಬರುತ್ತಿತ್ತು.

"ಹ್ಞೂಂ ಅಕ್ಕ," ಎಂದೆ. "ಎಪ್ಪತ್ತು."